ಒಡೆಯುವುದಕ್ಕೆಂದೇ ಮಾಡುವ ಮಡಕೆ

ಬನಶಂಕರಿಯ ವಿದ್ಯುತ್ ಚಿತಾಗಾರದ ಮುಂದೆ ಒಂದು ಗಳಿಗೆ ನಿಂತು ನೋಡಿ. ಒಳಗೆ ಹೆಣ ಸುಡೋದು ಕರೆಂಟು. ಹೊರಗೆ ಮಾತ್ರ ಮಗನಾದವನು ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಸುತ್ತು ಬರುತ್ತಾನೆ, ಸುತ್ತಿಗೊಂದು ತೂತು ಬೀಳುತ್ತದೆ, ಕೊನೆಗೆ ಬೆನ್ನ ಹಿಂದಕ್ಕೆ ಬಿಟ್ಟು ಒಡೆಯುತ್ತಾನೆ. ಚಿತೆಗೆ ಯಂತ್ರ ಬಂತು, ಮಡಕೆಗೆ ಬರಲಿಲ್ಲ. ಸ್ಟೀಲ್ ಕೊಡ ಒಡೆಯೋಕಾಗಲ್ಲವಲ್ಲ!

ಈ ಕಾಲದಲ್ಲೂ ಜನ ಯಾಕೆ ಕೈಯಲ್ಲಿ ಮಡಕೆ ಮಾಡ್ತಾರೆ ಅಂತ ಕೇಳಿದರೆ ಜಯನಗರ, ಜೆ.ಪಿ. ನಗರದ ಓದಿಕೊಂಡವರು ಕಲೆ, ಪರಂಪರೆ, ಮಣ್ಣಿನ ವಾಸನೆ ಅಂತ ಶುರುಮಾಡ್ತಾರೆ. ಕಲೆ ಇಲ್ಲವೆಂದಲ್ಲ. 1947ರಲ್ಲಿ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ವೀಲರ್ ಅಗೆದಾಗ ಕಲ್ಲುಕೊಡಲಿಯ ಕಾಲದ ಪದರದಲ್ಲಿ ಸಿಕ್ಕಿದ್ದು ಹೆಚ್ಚಾಗಿ ಕೈಯಿಂದಲೇ ತಿದ್ದಿದ ಮಡಕೆಗಳು. ತಿಗರಿಯಲ್ಲಿ ತಿರುಗಿಸಿದ್ದು ಅದರ ಮೇಲಿನ ಪದರದ್ದು. ಅಷ್ಟು ಹಳೆಯ ಕೈ ಇದು. ಆದರೆ ಹಳೆಯದೆಲ್ಲ ಉಳಿಯೋದಿಲ್ಲ. ಇದು ಉಳಿದದ್ದಕ್ಕೆ ಕಾರಣವನ್ನು ಅಡುಗೆಮನೆಯಲ್ಲೂ ಮಡಿಯಲ್ಲೂ ಹುಡುಕಬೇಕು.

ತಾಮ್ರ ಹಿತ್ತಾಳೆ ಮೈಲಿಗೆಯಾದರೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಮುಗೀತು. ಮಣ್ಣಿನದು ಹಾಗಲ್ಲ. ಅದು ಹೀರಿಕೊಳ್ಳುತ್ತದೆ, ಆದ್ದರಿಂದ ಬಿಸಾಡಬೇಕು. ಸೂತಕ ಬಂದರೆ ಹಳೆ ಮಡಕೆ ಆಚೆಗೆ, ಹೊಸದು ಒಳಗೆ. ಮದುವೆಗೆ ಹೊಸ ಅರಿವೇಣಿ, ಸಾವಿಗೆ ಹೊಸ ಮಡಕೆ. ಮೈಲಿಗೆಯ ಶಾಸ್ತ್ರವೇ ಕುಂಬಾರನಿಗೆ ಗಿರಾಕಿಯನ್ನು ಕೊಟ್ಟಿತು. ಅದೇ ಶಾಸ್ತ್ರ ನಮಗೆ ಏನು ಕೊಟ್ಟಿತು? ಚಂಡಾಲರು ಒಡೆದ ಪಾತ್ರೆಯಲ್ಲಿ ಉಣ್ಣಬೇಕೆಂದು ಮನುವಿನ ಹತ್ತನೇ ಅಧ್ಯಾಯ ಹೇಳಿತು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಉಗುಳಿಗೆಂದು ಕೊರಳಲ್ಲಿ ಮಡಕೆ ಕಟ್ಟಿಕೊಂಡು ತಿರುಗಬೇಕಿತ್ತೆಂದು ಅಂಬೇಡ್ಕರ್ 1936ರಲ್ಲಿ ಬರೆದರು. ಅದಕ್ಕೂ ಮುಂಚೆ, 1927ರ ಮಾರ್ಚಿನಲ್ಲಿ, ಅವರು ಮಹಾಡದ ಕೆರೆಯ ನೀರು ಮುಟ್ಟಿ ಕುಡಿದ ಮೇಲೆ ಆ ಊರಿನ ಸನಾತನಿಗಳು ಪಂಚಗವ್ಯ ತುಂಬಿದ 108 ಮಡಕೆಗಳನ್ನು ಕೆರೆಗೆ ಸುರಿದು ಶುದ್ಧಿ ಮಾಡಿಕೊಂಡರು. ಆ ಮಡಕೆಗಳನ್ನೂ ಯಾರೋ ಒಬ್ಬ ಕುಂಬಾರನೇ ತಟ್ಟಿದ್ದು.

ಹಾಗಂತ ಕುಂಬಾರ ನಮ್ಮವನಾಗಿದ್ದನೇ? ನಮ್ಮ ಊರಲ್ಲಿ ಅಜ್ಜಿ ಮಡಕೆ ಕೊಳ್ಳೋಕೆ ಹೋದರೆ ಆತ ಅದನ್ನು ನೆಲದ ಮೇಲಿಟ್ಟು ಹಿಂದೆ ಸರೀತಿದ್ದ. ಅಜ್ಜಿ ಕಾಸು ನೆಲಕ್ಕಿಟ್ಟು ಎತ್ತಿಕೊಳ್ಳೋಳು. ಬೆರಳಲ್ಲಿ ಬಾರಿಸಿ ಸದ್ದು ನೋಡಿ ಆರಿಸೋ ಹಕ್ಕೂ ಇರಲಿಲ್ಲ. ಕೊಟ್ಟದ್ದು ಸೀಳಿದ್ದರೂ ತರಬೇಕು. ಅವನೂ ಆಯದ ಕಾಳಿಗೆ ಕಣದಲ್ಲಿ ಕೈಯೊಡ್ಡಿ ನಿಲ್ಲೋನೇ, ನಮ್ಮ ತೋಟಿ ತಳವಾರರ ಹಾಗೇ. ಭಾಲ್ಕಿಯ ಗುಂಡಯ್ಯ ಮಡಕೆ ಬಾರಿಸಿದರೆ ಶಿವನೇ ಬಂದು ಕುಣಿದನೆಂದು ಹರಿಹರ ರಗಳೆ ಬರೆದ. ಶಿವ ಕುಣಿದ, ಸರಿ. ಊರ ಗೌಡ ಮಾತ್ರ ಕಾಳು ಅಳೆಯುವಾಗ ಕೊಳಗ ತುಂಬಿಸಲಿಲ್ಲ.

ಅಲ್ಯೂಮಿನಿಯಂ ಬಂತು, ಸ್ಟೀಲ್ ಬಂತು, ಪ್ಲಾಸ್ಟಿಕ್ ಬಂತು. ಸಾರಿನ ಮಡಕೆ, ಮುದ್ದೆಯ ಮಡಕೆ ಹೋದವು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ದಕ್ಷಿಣದ ಹಳ್ಳಿಗಳು ಒಂದೊಂದಾಗಿ ಬಡಾವಣೆಗಳ ಹೊಟ್ಟೆಗೆ ಸೇರಿದವು. ಬಿ.ಟಿ.ಎಂ. ಅಂದರೆ ಏನು? ಬೈರಸಂದ್ರ, ತಾವರೆಕೆರೆ, ಮಡಿವಾಳ. ಸಂದ್ರ ಅಂದರೆ ಸಮುದ್ರ, ಅಂದರೆ ಕೆರೆ. ಹೆಸರಲ್ಲಿ ಕೆರೆ ಉಳೀತು. ಪೇಟೆಯ ಕಡೆ ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆಯ ಅಂಗಳದ ಜೇಡಿಯೇ ಕುಂಬಾರನ ಬಂಡವಾಳ. ಅದು ಹೋದ ಮೇಲೆ ಮಣ್ಣು ಹೊರಗಡೆಯಿಂದ ಲಾರಿಯಲ್ಲಿ ಬರಬೇಕು. ಮಣ್ಣಿಗೂ ದುಡ್ಡು, ಸೌದೆಗೂ ದುಡ್ಡು. ಪಕ್ಕದಲ್ಲಿ ಮಹಡಿ ಮನೆ ಎದ್ದರೆ ಆವಿಗೆಯ ಹೊಗೆಗೂ ಜಗಳ.

ಆದರೂ ಕೈ ಯಾಕೆ ಬಿಡಲಿಲ್ಲ? ಕೆಲಸ ನೋಡಿದವರಿಗೆ ಗೊತ್ತು. ತಿಗರಿಯ ಮೇಲೆ ಬರೋದು ಬಾಯಿ, ಕತ್ತು, ದಪ್ಪ ಗೋಡೆ ಮಾತ್ರ. ಒಂದಿಷ್ಟು ಆರಿದ ಮೇಲೆ ಒಳಗೆ ಕಲ್ಲು ಹಿಡಿದು ಹೊರಗಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಟ್ಟುತ್ತಾ ತಳವನ್ನು ದುಂಡಗೆ ಮುಚ್ಚಬೇಕು. ಗೋಡೆ ತೆಳ್ಳಗಾಗೋದು ಆಗಲೇ. ದುಂಡು ತಳಕ್ಕೆ ಬೆಂಕಿ ಎಲ್ಲ ಕಡೆ ಸಮನಾಗಿ ತಾಗುತ್ತದೆ. ಮಣ್ಣಿಗೆ ಬೆರೆಸಿದ ಮರಳು ಕಾವಿಗೆ ಸೀಳದಂತೆ ಕಾಯುತ್ತದೆ. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಲ್ಲಿ ನೀರು ಜಿನುಗಿ ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ಒಳಗಿನ ನೀರು ತಂಪು. ಬಾಡಿಗೆ ಶೀಟಿನ ಮನೆಯಲ್ಲಿ ಫ್ರಿಜ್ಜಿಲ್ಲದವನಿಗೆ ಇದು ಪರಂಪರೆ ಅಲ್ಲ, ಏಪ್ರಿಲ್ ತಿಂಗಳು.

ಮಣ್ಣು ತುಳಿಯೋದು, ಕಲ್ಲು ಆರಿಸೋದು, ತಲೆ ಮೇಲೆ ಹೊತ್ತು ಮಾರೋದು ಹೆಂಗಸರು. ತಿಗರಿ ಮುಂದೆ ಕೂರೋಕೆ ಬಹಳ ಕಡೆ ಅವರಿಗೆ ಅಪ್ಪಣೆಯಿಲ್ಲ. ಈಗ ಅದೇ ತಿಗರಿಯ ಮುಂದೆ ದುಡ್ಡು ಕೊಟ್ಟು ಕೂರೋ ಕ್ಲಾಸುಗಳು ಈ ಬಡಾವಣೆಗಳಲ್ಲೇ ನಡೀತಾವೆ. ಕೂರಲಿ, ಕೈಗೆ ಮಣ್ಣಾಗಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಅಲ್ಲಿಂದ ಹೊರಗೆ ಬಂದವರು ಫುಟ್‌ಪಾತಿನ ಹೂಜಿಗೆ ಇಪ್ಪತ್ತು ರೂಪಾಯಿ ಚೌಕಾಶಿ ಮಾಡ್ತಾರಲ್ಲ, ಅದು ಮಾತ್ರ ಅರ್ಥವಾಗಲ್ಲ. 2018ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ಕುಂಬಾರರಿಗೆ ಕರೆಂಟಿನ ತಿಗರಿ ಹಂಚೋ ಯೋಜನೆ ತಂತು. ತೋಳಿನ ನೋವು ಇಳಿಸೋ ಕೆಲಸ, ಒಳ್ಳೇದೇ. ಮಣ್ಣು ಎಲ್ಲಿಂದ ತರೋದು ಅನ್ನೋದಕ್ಕೆ ತಿಗರಿಯಲ್ಲಿ ಉತ್ತರವಿಲ್ಲ.

2021ರ ಏಪ್ರಿಲ್-ಮೇನಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದವು. ಹೆಣ ಮುಟ್ಟೋಕೆ ಹೆತ್ತ ಮಕ್ಕಳೇ ಹೆದರಿದರು. ಮಡಕೆ ಹೊರೋರಿಲ್ಲ, ಒಡೆಯೋರಿಲ್ಲ. ಎತ್ತಿ ಒಳಗೆ ತಳ್ಳಿದವರು ಬಹುಪಾಲು ನಮ್ಮ ಕೇರಿಯವರು. ಈಗ ಮತ್ತೆ ಮಡಕೆಗಳು ಒಡೀತಾ ಇವೆ. ಸಂಜೆ ಹೊತ್ತಿಗೆ ಆ ಬೋಕಿಗಳನ್ನು ಗುಡಿಸಿ ಬುಟ್ಟಿಗೆ ತುಂಬೋರೂ ಅವರೇ.