ಡಾಕ್ಟರ್ ಬ್ರೈಟನ ಚಮಚ

ಒಬ್ಬ ವಿಜ್ಞಾನಿ ಎಷ್ಟು ಪ್ರಬಂಧ ಬರೆದ, ಅವನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂದು ಎಣಿಸಿ ಅವನ ಹಿರಿಮೆಯನ್ನು ಅಳೆಯುವುದು ಈಗಿನ ರೂಢಿ. ಈ ತಕ್ಕಡಿಯಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟನನ್ನು ತೂಗಲು ಹೊರಟರೆ ತೊಡಕಾಗುತ್ತದೆ. ಮೂತ್ರಪಿಂಡದ ಬಗ್ಗೆ ಆತ ಬರೆದದ್ದು ರಾಶಿರಾಶಿಯೇನಲ್ಲ. ಆದರೂ ಸುಮಾರು ನೂರು ವರ್ಷ ಕಾಲ ಜಗತ್ತಿನ ವೈದ್ಯರು ಮೂತ್ರಪಿಂಡದ ಕಾಯಿಲೆಯನ್ನು ಕರೆದದ್ದೇ 'ಬ್ರೈಟನ ಕಾಯಿಲೆ' ಎಂದು.

1789ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಬ್ರೈಟ್ ಅನುಕೂಲಸ್ಥರ ಮನೆಯ ಹುಡುಗ. ವೈದ್ಯಕೀಯ ಓದುತ್ತಿದ್ದಾಗಲೇ, 1810ರಲ್ಲಿ, ಐಸ್‌ಲೆಂಡಿಗೆ ಹೋಗಿ ಅಲ್ಲಿನ ಗಿಡ, ಪ್ರಾಣಿಗಳ ಬಗ್ಗೆ ಬರೆದ. ಹಂಗೆರಿಯನ್ನು ಸುತ್ತಿ ಬಂದು 1818ರಲ್ಲಿ ಪ್ರವಾಸ ಗ್ರಂಥವನ್ನು ಪ್ರಕಟಿಸಿದ. ಕಂಡದ್ದನ್ನು ಕಂಡಂತೆ ಬರೆದಿಡುವ ಈ ಚಟವೇ ಮುಂದೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬಂದಿತು.

ಆಗ ಕೈಕಾಲು, ಮುಖ ಊದಿಕೊಂಡು ಮೈಯಲ್ಲಿ ನೀರು ತುಂಬಿಕೊಳ್ಳುವುದನ್ನೇ ಒಂದು ರೋಗವೆಂದು ಎಣಿಸುತ್ತಿದ್ದರು. ಅಂಥ ಕೆಲವರ ಮೂತ್ರವನ್ನು ಕಾಯಿಸಿದರೆ ಮೊಟ್ಟೆಯ ಬಿಳಿ ಬೆಂದಂತೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಬ್ರೈಟನಿಗಿಂತ ಮೊದಲೇ ವೆಲ್ಸ್, ಬ್ಲ್ಯಾಕಾಲ್ ಮುಂತಾದವರು ಗಮನಿಸಿದ್ದರು. ಅದು ಆಲ್ಬುಮಿನ್ ಎಂಬ ಸಸಾರಜನಕ. ಆದರೆ ಅದು ಎಲ್ಲಿಂದ ಸೋರುತ್ತಿದೆ?

ಬ್ರೈಟ್ ರೋಗಿಯ ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದಬತ್ತಿಯ ಮೇಲೆ ಹಿಡಿದು ನೋಡುತ್ತಿದ್ದ. ರೋಗಿ ತೀರಿಕೊಂಡರೆ ದೇಹವನ್ನು ಕೊಯ್ದು ಪರೀಕ್ಷಿಸುತ್ತಿದ್ದ. ಮೂತ್ರ ಹೆಪ್ಪುಗಟ್ಟಿದವರ ಮೂತ್ರಪಿಂಡಗಳು ಕೆಟ್ಟಿದ್ದವು. ಕೆಲವರಲ್ಲಿ ಅವು ಗಟ್ಟಿಯಾಗಿ, ಹರಳುಹರಳಾಗಿದ್ದವು. ಯಕೃತ್ತಿನ ದೋಷದಿಂದ ಊದಿಕೊಂಡವರಲ್ಲಿ ಮೂತ್ರ ಹೆಪ್ಪುಗಟ್ಟುತ್ತಿರಲಿಲ್ಲ. ಊತ, ಆಲ್ಬುಮಿನ್, ಮೂತ್ರಪಿಂಡ, ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಗ್ರಂಥ 1827ರಲ್ಲಿ ಬಣ್ಣದ ಚಿತ್ರಗಳೊಡನೆ ಹೊರಬಂದಿತು. 1836ರಲ್ಲಿ ಆತ ಇಂಥ ನೂರು ರೋಗಿಗಳ ವಿವರವನ್ನು ಪಟ್ಟಿಮಾಡಿ ಪ್ರಕಟಿಸಿದ. ಹಲವರ ಹೃದಯ ದೊಡ್ಡದಾಗಿದ್ದುದೂ ಅವನ ಕಣ್ಣಿಗೆ ಬಿದ್ದಿತ್ತು. ರಕ್ತ ಕೆಟ್ಟು ಹೃದಯಕ್ಕೆ ಹೆಚ್ಚು ದುಡಿತ ಬಿದ್ದಿರಬೇಕೆಂದು ಊಹಿಸಿದ. ರಕ್ತದೊತ್ತಡ ಅಳೆಯುವ ಉಪಕರಣ ಆಗ ವೈದ್ಯರ ಕೈಯಲ್ಲಿರಲಿಲ್ಲ ಎಂಬುದನ್ನು ಮರೆಯಬಾರದು.

ಚಿಕಿತ್ಸೆಯ ಮಟ್ಟಿಗೆ ಮಾತ್ರ ಬ್ರೈಟ್ ಬರಿಗೈ. ರಕ್ತ ತೆಗೆಯುವುದು, ಭೇದಿಗೆ ಕೊಡುವುದು ಬಿಟ್ಟರೆ ಹೆಚ್ಚಿನ ಉಪಾಯವಿರಲಿಲ್ಲ. ರೋಗಿಗಳು ಸಾಯುತ್ತಲೇ ಇದ್ದರು. ಬಹುಶಃ ಅದಕ್ಕೇ ಇರಬೇಕು, 1842ರಲ್ಲಿ ಗೈಸ್ ಆಸ್ಪತ್ರೆ ಆರು ತಿಂಗಳ ಕಾಲ 42 ಹಾಸಿಗೆಗಳನ್ನು ಈ ಒಂದೇ ಕಾಯಿಲೆಗೆ ಬಿಟ್ಟುಕೊಟ್ಟಿತು. ಪಕ್ಕದಲ್ಲೇ ಪ್ರಯೋಗಶಾಲೆ. ಒಂದು ಕಾಯಿಲೆಯ ರೋಗಿಗಳನ್ನು ಒಂದೆಡೆ ಸೇರಿಸಿ, ರಸಾಯನ ಪರೀಕ್ಷೆಯ ಜೊತೆಗೆ ಅಧ್ಯಯನ ಮಾಡುವ ಪದ್ಧತಿ ಅಂದಿಗೆ ತೀರ ಹೊಸದು. ನನ್ನ ದೃಷ್ಟಿಯಲ್ಲಿ ಬ್ರೈಟನ ದೊಡ್ಡ ಕೊಡುಗೆ ಇದು. ಗ್ರಂಥದ ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಆದರೆ ಹೆಸರು ದೊಡ್ಡದಾದಷ್ಟೂ ಅದರ ನೆರಳಲ್ಲಿ ಗೊಂದಲವೂ ಬೆಳೆಯಿತು. ಬೇರೆಬೇರೆ ಕಾರಣದ ಕಾಯಿಲೆಗಳೆಲ್ಲ 'ಬ್ರೈಟನ ಕಾಯಿಲೆ' ಎಂಬ ಒಂದೇ ಚೀಲಕ್ಕೆ ಸೇರಿಕೊಂಡವು. ಇದನ್ನು ಬಿಡಿಸಲು ಹೊರಟವರಲ್ಲಿ ಅದೇ ಆಸ್ಪತ್ರೆಯ ಫ್ರೆಡರಿಕ್ ಅಕ್ಬರ್ ಮಹಮದ್ ಒಬ್ಬ. ಪಟ್ನಾದಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿ, ಲಂಡನ್ನಿನಲ್ಲಿ 1810ರಲ್ಲಿ ಭಾರತೀಯ ಊಟದ ಹೋಟೆಲು ತೆರೆದ ದೀನ್ ಮಹಮದನ ಮೊಮ್ಮಗ ಈತ. ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರವನ್ನು ಸುಧಾರಿಸಿಕೊಂಡು, ಮೂತ್ರದಲ್ಲಿ ಆಲ್ಬುಮಿನ್ ಕಾಣುವ ಮೊದಲೇ ರಕ್ತದ ಒತ್ತಡ ಏರಬಹುದೆಂದು 1874ರಲ್ಲಿ ಬರೆದ. ಮೂತ್ರಪಿಂಡ ಚೆನ್ನಾಗಿದ್ದವರಲ್ಲೂ ಒತ್ತಡ ಏರುವುದುಂಟು ಎಂಬುದನ್ನು ಮುಂದೆ ತೋರಿಸಿದ. 1884ರಲ್ಲಿ, 35ನೆಯ ವಯಸ್ಸಿಗೆ, ವಿಷಮಶೀತ ಜ್ವರದಿಂದ ತೀರಿಕೊಂಡ. ಅವನ ಬರಹಗಳು ಬಹುಕಾಲ ಮರೆಯಲ್ಲೇ ಉಳಿದವು. ಯಾವ ಕಾಯಿಲೆಗೂ ಅವನ ಹೆಸರಿಲ್ಲ.

1950ರ ದಶಕದಲ್ಲಿ ಸೂಜಿ ಚುಚ್ಚಿ ಮೂತ್ರಪಿಂಡದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಬಳಕೆಗೆ ಬಂದ ಮೇಲೆ ಬ್ರೈಟನ ಹೆಸರೂ ವೈದ್ಯರ ಚೀಟಿಗಳಿಂದ ಸರಿಯಿತು. ಚಮಚ, ಮೇಣದಬತ್ತಿಯ ಜಾಗಕ್ಕೆ ಬಣ್ಣ ತಿರುಗುವ ಸಣ್ಣ ಪಟ್ಟಿ ಬಂದಿದೆ. ಸಕ್ಕರೆ ಕಾಯಿಲೆಯವರು ಲ್ಯಾಬಿಗೆ ಕೊಟ್ಟುಬರುವ ಪುಟ್ಟ ಶೀಷೆಯಲ್ಲಿ ಹುಡುಕುವುದು ಇಂದಿಗೂ ಆಲ್ಬುಮಿನನ್ನೇ.