ಬಿಟ್ಟವರ ಸಾವು: ಹೆರಾಯಿನ್ ವ್ಯಸನದಲ್ಲಿ ತಾಳಿಕೆಯ ಪಾತ್ರ

ಹೆರಾಯಿನ್ನಿನ ಅಪಾಯವೆಂದರೆ ಮೊದಲು ನೆನಪಾಗುವುದು ಸೂಜಿಯಿಂದ ಹರಡುವ ಸೋಂಕು. ಅದಕ್ಕೆ ಕಾರಣವೂ ಇದೆ. ಮಣಿಪುರದ ಚುಚ್ಚುಮದ್ದು ವ್ಯಸನಿಗಳ ರಕ್ತಪರೀಕ್ಷೆಯಲ್ಲಿ 1989ರ ಸೆಪ್ಟೆಂಬರ್‌ವರೆಗೂ ಎಚ್‌ಐವಿ ಕಂಡಿರಲಿಲ್ಲ. 1990ರ ನಡುವಿನ ಹೊತ್ತಿಗೆ ಪರೀಕ್ಷೆಗೆ ಒಳಪಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ತಗುಲಿತ್ತು. ಮ್ಯಾನ್ಮಾರ್ ಗಡಿಯಿಂದ ಬರುತ್ತಿದ್ದ, ಅಲ್ಲಿಯವರು ‘ನಂಬರ್ ಫೋರ್’ ಎನ್ನುವ ಬಿಳಿ ಪುಡಿ ನೀರಿನಲ್ಲಿ ಸುಲಭವಾಗಿ ಕರಗುತ್ತಿತ್ತು, ಸಿರಿಂಜು ಕೈಯಿಂದ ಕೈಗೆ ಹೋಗುತ್ತಿತ್ತು. ಹೆಪಟೈಟಿಸ್ ಸಿ, ಹೃದಯದ ಕವಾಟಗಳ ಸೋಂಕು, ಕೀವುಗಟ್ಟಿದ ಗಾಯಗಳು ಇದೇ ದಾರಿಯಲ್ಲಿ ಬರುವಂಥವು. ಇವುಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಇಲ್ಲಿ ಪರಿಶೀಲಿಸುತ್ತಿರುವುದು ಹೆರಾಯಿನ್ ಬಿಟ್ಟ ಮೇಲೆ ಬರುವ ಸಾವನ್ನು.

ರಕ್ತಕ್ಕೆ ಸೇರಿದ ಹೆರಾಯಿನ್ ಬೇಗನೆ ಮಿದುಳನ್ನು ಹೊಕ್ಕು, ಮಾರ್ಫಿನ್ನಾಗಿ ಒಡೆದು, ‘ಮ್ಯೂ’ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಈ ಗ್ರಾಹಕಗಳು ಸುಖವನ್ನು ಉಂಟುಮಾಡುವ ಭಾಗದಲ್ಲಿರುವಂತೆಯೇ ಉಸಿರಾಟದ ಲಯವನ್ನು ನಡೆಸುವ ಮಿದುಳಕಾಂಡದಲ್ಲೂ ಇವೆ. ದಿನವೂ ಸೇವಿಸುವವರ ದೇಹ ತಾಳಿಕೆ ಬೆಳೆಸಿಕೊಳ್ಳುತ್ತದೆ. ಹೊಸಬನನ್ನು ಕೊಲ್ಲುವಷ್ಟು ಪ್ರಮಾಣ ಹಳಬನಿಗೆ ಮೈನೋವು ಕಳೆಯುವುದಕ್ಕಷ್ಟೇ ಸಾಲುತ್ತದೆ. ತೊಡಕಿನ ಸಂಗತಿಯೆಂದರೆ, ಸುಖಕ್ಕೆ ಬೆಳೆದಷ್ಟು ತಾಳಿಕೆ ಉಸಿರಾಟಕ್ಕೆ ಬೆಳೆಯುವುದಿಲ್ಲ. ಹಾಗಾಗಿ ಹಳೆಯ ಸುಖವನ್ನು ಅರಸಿ ಪ್ರಮಾಣ ಏರಿಸುವವನು ಉಸಿರು ನಿಲ್ಲುವ ಮಟ್ಟಕ್ಕೆ ಹತ್ತಿರವಾಗುತ್ತಲೇ ಹೋಗುತ್ತಾನೆ. ಸೇವನೆ ನಿಂತರೆ ಗಳಿಸಿದ ತಾಳಿಕೆಯೂ ಕೆಲವೇ ವಾರಗಳಲ್ಲಿ ಕರಗುತ್ತದೆ. ಬಯಕೆ ಮಾತ್ರ ಅಷ್ಟು ಬೇಗ ಹೋಗುವಂಥದ್ದಲ್ಲ.

ಲಂಡನ್ನಿನ ಜಾನ್ ಸ್ಟ್ರಾಂಗ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, ಆದರೆ ಕಣ್ಣು ತೆರೆಸುವಂಥದ್ದು. ಆಸ್ಪತ್ರೆಗೆ ದಾಖಲಾದ 137 ಮಂದಿಯಲ್ಲಿ ಚಿಕಿತ್ಸೆಯನ್ನು ಪೂರ್ತಿ ಮುಗಿಸಿ ತಾಳಿಕೆ ಕಳೆದುಕೊಂಡವರು 37. ನಂತರದ ನಾಲ್ಕು ತಿಂಗಳಲ್ಲಿ ಅತಿಸೇವನೆಯಿಂದ ಸತ್ತ ಮೂವರೂ ಈ 37ರೊಳಗಿನವರು. ನಡುವೆಯೇ ಬಿಟ್ಟುಹೋದವರಲ್ಲಿ ಅಂಥ ಸಾವು ಒಂದೂ ಇಲ್ಲ. ಮೂರು ಸಾವಿನ ಮೇಲೆ ಸಿದ್ಧಾಂತ ಕಟ್ಟಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 2007ರಲ್ಲಿ ಪ್ರಕಟವಾದ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಬಿಡುಗಡೆಯಾದ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಯ ಅಧ್ಯಯನವೂ ಅದೇ ದಿಕ್ಕನ್ನು ತೋರಿತು: ಹೊರಬಂದ ಮೊದಲ ಎರಡು ವಾರಗಳಲ್ಲಿ ಮಾದಕದ್ರವ್ಯದ ಅತಿಸೇವನೆಯಿಂದ ಸಾಯುವ ಅಪಾಯ ಸಾಮಾನ್ಯ ಜನರಿಗಿಂತ 129 ಪಟ್ಟು.

ತಾಳಿಕೆ ಕೇವಲ ರಾಸಾಯನಿಕ ಹೊಂದಾಣಿಕೆಯೂ ಅಲ್ಲ. ಸಂಶೋಧಕ ಶೆಪರ್ಡ್ ಸೀಗಲ್ 1982ರಲ್ಲಿ ಇಲಿಗಳಿಗೆ ದಿನಗಳುದ್ದಕ್ಕೂ ಹೆರಾಯಿನ್ ಕೊಟ್ಟು ಒಗ್ಗಿಸಿ, ಕೊನೆಗೆ ದೊಡ್ಡ ಪ್ರಮಾಣವನ್ನು ಚುಚ್ಚಿದರು. ರೂಢಿಯ ಜಾಗದಲ್ಲಿ ಪಡೆದ ಇಲಿಗಳಲ್ಲಿ ಸುಮಾರು 32% ಸತ್ತವು. ಹೆರಾಯಿನ್ ಎಂದೂ ಸಿಗದಿದ್ದ ಜಾಗದಲ್ಲಿ ಪಡೆದವುಗಳಲ್ಲಿ ಸುಮಾರು 64%. ಸುತ್ತಲಿನ ಸುಳಿವುಗಳನ್ನು ಕಂಡು ದೇಹ ಮೊದಲೇ ಸಜ್ಜಾಗುತ್ತದೆ ಎಂಬುದು ಅವರ ವಿವರಣೆ. ಹೆರಾಯಿನ್ನನ್ನೂ ಊರನ್ನೂ ಬಿಟ್ಟು ಹೋಗಿ, ಆಮೇಲೆ ಹೊಸ ಕೋಣೆಯಲ್ಲಿ ಒಬ್ಬನೇ ಕೂತು ಹಳೆಯ ಅಳತೆಯನ್ನೇ ಚುಚ್ಚಿಕೊಂಡವನು ದೇಹದ ತಾಳಿಕೆ, ಜಾಗದ ಸುಳಿವು ಎಂಬ ಎರಡು ರಕ್ಷಣೆಗಳನ್ನೂ ಒಟ್ಟಿಗೆ ಕಳೆದುಕೊಂಡಿರುತ್ತಾನೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ಜನಸಂಖ್ಯೆಯಲ್ಲಿ 1.14% ಮಂದಿ ಹೆರಾಯಿನ್ ಸೇವಿಸುತ್ತಾರೆ. ಅಫೀಮು ಬಳಸುವವರಿಗಿಂತ ಇವರ ಪಾಲೇ ದೊಡ್ಡದು. ಆದರೂ ಮನೆಯವರ ನಂಬಿಕೆ ಬದಲಾಗಿಲ್ಲ: ವ್ಯಸನಮುಕ್ತಿ ಕೇಂದ್ರದಲ್ಲಿ ಕೆಲವು ದಿನ ಕೂಡಿಹಾಕಿ, ನಡುಕ, ವಾಂತಿ, ಭೇದಿ ನಿಂತರೆ ಗುಣವಾಯಿತು. ಆ ಕಾಟ ವಾರದೊಳಗೆ ಬಹುಪಾಲು ಇಳಿಯುವುದು ನಿಜ, ಅದರಿಂದ ಸಾಯುವುದು ವಿರಳ. ಆಮೇಲಿನ ದಿನಗಳಿಗೆ ಏರ್ಪಾಡಿಲ್ಲದ ಚಿಕಿತ್ಸೆ ಚಿಕಿತ್ಸೆ ಇಲ್ಲದಿರುವುದಕ್ಕಿಂತ ಅಪಾಯಕಾರಿಯಾಗಬಲ್ಲದು ಎಂದೇ ನನ್ನ ಅಭಿಪ್ರಾಯ. ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಗ್ರಾಹಕಗಳನ್ನು ಭಾಗಶಃ ಚೋದಿಸಿ ಬಯಕೆ ತಗ್ಗಿಸುತ್ತದೆ, ತಾಳಿಕೆಯನ್ನೂ ಉಳಿಸುತ್ತದೆ. ಒಂದು ಚಟಕ್ಕೆ ಇನ್ನೊಂದು ಚಟ ಎಂಬ ಟೀಕೆ ಈ ಎರಡನೆಯ ಗುಣವನ್ನು ಗಮನಿಸುವುದಿಲ್ಲ. ಬ್ಯುಪ್ರೆನಾರ್ಫಿನ್ನನ್ನು ಅವಸರದಲ್ಲಿ ನಿಲ್ಲಿಸಿದರೂ ಮತ್ತದೇ ಅಪಾಯ.

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ, ಅತಿಸೇವನೆಯನ್ನು ಕಾಣುವ ಸಂಭವವಿರುವ ಮನೆಯವರಿಗೂ ಗೆಳೆಯರಿಗೂ ನಲಾಕ್ಸೋನ್ ಸಿಗಬೇಕೆಂದು ಶಿಫಾರಸು ಮಾಡಿತು. ಆ ಮದ್ದು ಗ್ರಾಹಕಗಳಿಂದ ಹೆರಾಯಿನ್ನನ್ನು ತಳ್ಳಿ ನಿಮಿಷಗಳಲ್ಲಿ ಉಸಿರು ಮರಳಿಸುತ್ತದೆ. ಆದರೆ ಅದರ ಪ್ರಭಾವ ಸುಮಾರು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಷ್ಟೇ. ಮಾದಕದ ಪ್ರಭಾವ ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ ಉಸಿರು ಮತ್ತೆ ಕುಗ್ಗಬಹುದು. ಎಚ್ಚರವಾದವನನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಸಾಗಿಸಬೇಕೆನ್ನುವುದು ಇದಕ್ಕಾಗಿಯೇ.