ಕಾಯ್ದಿರಿಸದ ಖೋಲಿ, ಕೈಕೊಟ್ಟ ಖೋಲಿ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟವರೆಲ್ಲ ಭಕ್ತ ನಿವಾಸದಲ್ಲಿ ಮೊದಲೇ ಖೋಲಿ ಹಿಡಿದಿರುವುದಿಲ್ಲ. ಹಿಡಿಯದವರು ಜಾಗ ಸಿಕ್ಕಲ್ಲಿ ಚಾಪೆ ಹಾಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ರಸೀದಿ ಕೈಯಲ್ಲಿದ್ದೂ ಖೋಲಿ ಇಲ್ಲವೆಂದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ. ಲಿನಕ್ಸ್ ಕರ್ನಲ್‌ನ ಡ್ರೈವರ್‌ಗಳು ಮೆಮೊರಿಯ ವಿಷಯದಲ್ಲಿ ಈ ಎರಡನ್ನೂ ಬೇರೆಯಾಗಿ ನೋಡಲು ಕಲಿತದ್ದು ನಿಧಾನವಾಗಿ.

ಸಾಧನಕ್ಕೆಂದು ಮೆಮೊರಿ ಮೀಸಲು ಏಕೆ ಬೇಕು? 1920×1080 ಅಳತೆಯ ವಿಡಿಯೋದ ಒಂದೇ ಫ್ರೇಮ್ ಎನ್‌ವಿ12 ರೂಪದಲ್ಲಿ 31,10,400 ಬೈಟ್, ಅಂದರೆ 4 ಕೆಬಿ ಅಳತೆಯ 760 ಪುಟ. ಚದುರಿದ ಪುಟಗಳನ್ನು ಜೋಡಿಸಿ ತೋರಿಸುವ ಐಒಎಂಎಂಯು ಇಲ್ಲದ ಸಾಧನಗಳಲ್ಲಿ ಹಲವಕ್ಕೆ ಇಷ್ಟೂ ಪುಟ ಒಂದರ ಪಕ್ಕ ಒಂದು ಬೇಕು. ಯಂತ್ರ ನಾಲ್ಕು ತಾಸು ಓಡಿದ ಮೇಲೆ ಅಷ್ಟುದ್ದದ ಖಾಲಿ ಜಾಗ ಸಿಗುವುದು ಕಷ್ಟ.

ಮೊದಲಿನ ಉಪಾಯ ಒರಟು. ‘ಮೆಮ್’ ಎಂಬ ಬೂಟ್ ಆಯ್ಕೆಯಿಂದ ಕರ್ನಲ್‌ಗೆ ಕಡಿಮೆ ಮೆಮೊರಿ ತೋರಿಸಿ, ಉಳಿದದ್ದನ್ನು ಸಾಧನಕ್ಕೆ ಬಿಡುವುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ದಾವಿಂಚಿ ಬೋರ್ಡ್‌ಗಳಲ್ಲಿ ಸಿಮೆಮ್ ಮಾಡ್ಯೂಲ್ ನಡೆದದ್ದು ಹೀಗೆಯೇ. ಕ್ಯಾಮೆರಾ ಓಡದಿದ್ದರೂ ಆ ಜಾಗ ಯಾರಿಗೂ ಸಿಗದು. 2012ರ ಲಿನಕ್ಸ್ 3.5ರಲ್ಲಿ ಬಂದ, ಪಕ್ಕಪಕ್ಕದ ಪುಟಗಳನ್ನು ಹಂಚುವ ಸಿಎಂಎ ಎಂಬ ವ್ಯವಸ್ಥೆ ಆ ಪೋಲನ್ನು ತಪ್ಪಿಸಿತು: ಸಾಧನ ಕೇಳುವವರೆಗೆ, ಸರಿಸಬಹುದಾದ ಪುಟಗಳು ಅಲ್ಲಿ ತಂಗಬಹುದು.

ನನ್ನ ಮಟ್ಟಿಗೆ ನಿಜವಾದ ತಿರುವು 2014. ಆ ವರ್ಷದ 3.15ರಲ್ಲಿ, ಬೋರ್ಡಿನ ಯಂತ್ರಾಂಶವನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀಯಲ್ಲೇ ಮೀಸಲು ಜಾಗ ಬರೆದು, ‘ಮೆಮೊರಿ-ರೀಜನ್’ ಎಂಬ ಗುಣದಿಂದ ಸಾಧನಕ್ಕೆ ಕಟ್ಟುವ ಪದ್ಧತಿ ಬಂತು. ಆದರೆ ಆ ಜಾಗವನ್ನು ಸಾಧನಕ್ಕೆ ಹಚ್ಚುವ ಫಂಕ್ಷನ್ ಆಗ ಯಾವ ಉತ್ತರವನ್ನೂ ಕೊಡುತ್ತಿರಲಿಲ್ಲ. ಕೆಲಸ ಆಯಿತೋ ಕೆಟ್ಟಿತೋ, ಡ್ರೈವರ್‌ಗೆ ತಿಳಿಯುವ ದಾರಿಯೇ ಇಲ್ಲ. ಅದೇ ವರ್ಷದ ಕೊನೆಗೆ, 3.18ರಲ್ಲಿ, ಅದು ಬಾಯಿಬಿಟ್ಟಿತು. ಮೀಸಲನ್ನೇ ಬರೆದಿಲ್ಲವಾದರೆ ಮೈನಸ್ 19, ಅಂದರೆ ಇನೋಡೆವ್. ಬರೆದದ್ದು ಸರಿಯಿಲ್ಲದಿದ್ದರೆ ಮೈನಸ್ 22ರಂಥ ಬೇರೆ ಅಂಕಿ.

ಉತ್ತರ ಬಂದ ಮಾತ್ರಕ್ಕೆ ಕೇಳಿಸಿಕೊಂಡಂತಲ್ಲ. ಯಾವ ದೋಷ ಬಂದರೂ ನಿಂತುಬಿಡುವ ಡ್ರೈವರ್, ಮೀಸಲಿಲ್ಲದೆ ಚೆನ್ನಾಗಿ ನಡೆಯುತ್ತಿದ್ದ ಹಳೆಯ ಬೋರ್ಡನ್ನು ಕೆಡಿಸುತ್ತದೆ. ಎಲ್ಲ ದೋಷವನ್ನೂ ನುಂಗುವ ಡ್ರೈವರ್ ಇನ್ನೂ ಅಪಾಯಕಾರಿ. ಸಾಧನದ ಕೈಗೆ ಎಟುಕದ ವಿಳಾಸದಿಂದ ಬಫರ್ ತೆಗೆದು ಕೊಟ್ಟೀತು, ತಪ್ಪು ಕಾಣಿಸುವುದು ಎಷ್ಟೋ ಹೊತ್ತಿನ ಮೇಲೆ, ಇನ್ನೆಲ್ಲೋ. ಇಲ್ಲದ್ದನ್ನೂ ಕೆಟ್ಟದ್ದನ್ನೂ ಬೇರೆಯಾಗಿ ನೋಡುವ ವಿವೇಕ ಕರ್ನಲ್‌ನ ಬೇರೆ ಕಡೆಗೂ ಹಬ್ಬಿದೆ. 2019ರ 5.1ರಲ್ಲಿ ಬಂದ ಐಚ್ಛಿಕ ಕ್ಲಾಕ್ ಫಂಕ್ಷನ್, ಕ್ಲಾಕ್ ಇಲ್ಲದಿದ್ದರೆ ಶೂನ್ಯ ಕೊಟ್ಟು ಸುಮ್ಮನಾಗುತ್ತದೆ. ನಿಜವಾದ ದೋಷವನ್ನು ಮಾತ್ರ ದೋಷವೆಂದು ಹೇಳುತ್ತದೆ.

ಸೊಲ್ಲಾಪುರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಡ್ರೈವರ್ ಬರೆಯಲು ಕೂತ ನಮ್ಮ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಮೀಸಲು ಐಚ್ಛಿಕವಾಗಿರುವಲ್ಲಿ ಮೈನಸ್ 19 ಬಂದರೆ ಮುಂದೆ ಹೋಗಿ. ಬೇರೆ ಯಾವ ದೋಷ ಬಂದರೂ ಅಲ್ಲೇ ನಿಂತು, ಆ ಅಂಕಿಯನ್ನು ಇದ್ದ ಹಾಗೆಯೇ ಮೇಲಕ್ಕೆ ಕಳಿಸಿ.